ಅಕ್ಕನ ಗೆರೆಯ ಮೇಲೆ

ಬೂದು ಬಣ್ಣದ ಕೋಟಿನ ಬಟ್ಟೆಯನ್ನು ಮೇಜಿನ ಮೇಲೆ ಹರಡಿ ಎರಡು ಗಂಟೆಯಾಗಿತ್ತು. ಅಕ್ಕ ಸೀಮೆಸುಣ್ಣದಲ್ಲಿ ಗೆರೆ ಎಳೆದಳು, ಬ್ರಷ್ಷಿನಿಂದ ಒರೆಸಿದಳು, ಅಳತೆ ಪುಸ್ತಕ ನೋಡಿದಳು, ಮತ್ತೆ ಎಳೆದಳು. ಕತ್ತರಿ ಕೈಗೆತ್ತಿಕೊಂಡು ಅದರ ಬಾಯನ್ನು ಬಟ್ಟೆಯ ಅಂಚಿಗೆ ಇಟ್ಟಳು. ಇಟ್ಟವಳು ಹಾಗೆಯೇ ನಿಂತಳು. ಆಮೇಲೆ ಕತ್ತರಿಯನ್ನು ಸದ್ದಾಗದಂತೆ ಕೆಳಗಿಟ್ಟು, ಕುತ್ತಿಗೆಯಲ್ಲಿದ್ದ ಟೇಪು ಎಳೆದುಕೊಂಡು, ಭುಜದ ಅಳತೆಯನ್ನು ಐದನೆಯ ಸಲ ನೋಡಿದಳು.

ಐದನೆಯ ಸಲ ಎಂದು ಲೆಕ್ಕ ಇಟ್ಟವಳು ತಂಗಿ. ಗೋಡೆ ಪಕ್ಕದ ಸ್ಟೂಲಿನಲ್ಲಿ ಕೂತು ಗುಂಡಿ ಹಚ್ಚುವುದು, ಕಾಜಾ ಹೊಲಿಯುವುದು ಅವಳ ಕೆಲಸ. ಕೈ ಸೂಜಿಯ ಮೇಲಿದ್ದರೂ ಕಣ್ಣು ಅಕ್ಕನ ಮೇಲೆ. ಅಕ್ಕ ಆ ದರ್ಜಿ ಅಂಗಡಿಯ ಕಟಿಂಗ್ ಮಾಸ್ಟರು. ಹೆಂಗಸಾದರೂ ಎಲ್ಲರ ಬಾಯಲ್ಲಿ ಮಾಸ್ಟರೇ. ಹೊಲಿಗೆ ತಪ್ಪಿದರೆ ಬಿಚ್ಚಿ ಇನ್ನೊಮ್ಮೆ ಹಾಕಬಹುದು. ಕತ್ತರಿ ತಪ್ಪಿದರೆ ಮುಗಿಯಿತು, ಅದೂ ಗಿರಾಕಿ ಆಸೆಪಟ್ಟು ತಂದುಕೊಟ್ಟ ಬಟ್ಟೆ. ಹತ್ತೊಂಬತ್ತು ವರ್ಷಗಳಲ್ಲಿ ಅಕ್ಕ ಒಂದು ಗೇಣು ಬಟ್ಟೆಯನ್ನೂ ಹಾಳು ಮಾಡಿದವಳಲ್ಲ.

"ಏನ್ ಮಾಸ್ಟ್ರೇ, ಕತ್ತರಿಸಲಾ ಬೇಡ್ವಾ ಅಂತ ಬಟ್ಟೆ ಹತ್ರ ಅಪ್ಪಣೆ ಕೇಳ್ತಿದ್ದೀರಾ?" ಎಂದ ಕಾಲರ್ ಹೊಲಿಯುವವನು. ಬೆಳಿಗ್ಗೆ ಮಷಿನ್ನಿನ ಜೊತೆ ಶುರುವಾದ ಬಾಯಿ ಸಂಜೆ ಮಷಿನ್ನಿನ ಜೊತೆಗೇ ನಿಲ್ಲುತ್ತಿತ್ತಾದ್ದರಿಂದ ಅವನಿಗೆ ಅಂಗಡಿಯವರೆಲ್ಲ ರೇಡಿಯೋ ಎಂದು ಹೆಸರಿಟ್ಟಿದ್ದರು.

ಆರು ತಿಂಗಳ ಹಿಂದಾಗಿದ್ದರೆ ಅಕ್ಕ, "ಬಟ್ಟೆ ಇರ್ಲಿ, ಮೊದಲು ನಿನ್ನ ನಾಲಿಗೆ ಅಳತೆ ಕೊಡು" ಎನ್ನುತ್ತಿದ್ದಳು. ಈಗ ತುಟಿ ಸ್ವಲ್ಪ ಅಗಲಿಸಿ ನಕ್ಕಳು, ಅಷ್ಟೆ. ಆ ನಗು ಕಂಡು ತಂಗಿಯ ಸೂಜಿ ಬೆರಳಿಗೆ ಚುಚ್ಚಿತು.

ಮನೆಯಲ್ಲಿ ಅಮ್ಮನದು ಬೇರೆಯೇ ರಾಗ. "ಅವಳಿಗೇನು ಕಮ್ಮಿ ಆಗಿದೆ ಹೇಳು? ಕೈಯಲ್ಲಿ ಕೆಲಸ ಇದೆ, ತಲೆ ಮೇಲೆ ಸೂರಿದೆ. ಎಲ್ಲಾನೂ ಮನಸ್ಸಿಗೆ ಹಚ್ಕೊಂಡು ಕೂತ್ರೆ ಹೀಗೇ ಆಗೋದು." ಅಕ್ಕ ಸ್ನಾನಕ್ಕೆ ಹೋದರೆ ಮುಕ್ಕಾಲು ಗಂಟೆ ನೀರಿನ ಸದ್ದೇ ಇಲ್ಲದೆ ಒಳಗಿರುತ್ತಿದ್ದಳು. ತಟ್ಟೆಯಲ್ಲಿ ಅನ್ನವನ್ನು ಆಚೆಗೂ ಈಚೆಗೂ ಸರಿಸಿ ಎದ್ದುಬಿಡುತ್ತಿದ್ದಳು. ಮದುವೆ ಬೇಡವೆಂದು ಮನೆಗಾಗಿ ದುಡಿದವಳು. ತಂಗಿಯ ಆರು ವರ್ಷದ ಮಗಳಿಗೆ ಅಮ್ಮನಿಗಿಂತ ದೊಡ್ಡಮ್ಮನೇ ಹೆಚ್ಚು. ತಂಗಿಯ ಗಂಡ ಲಾರಿ ಓಡಿಸುವವನು, ತಿಂಗಳಿಗೊಮ್ಮೆ ಮನೆಯ ಮುಖ ನೋಡುತ್ತಿದ್ದ. ಹೀಗಾಗಿ ಅಕ್ಕನನ್ನು ಗಮನಿಸುವ ಕೆಲಸ ತಂಗಿಯದೇ ಆಗಿತ್ತು. ಗಮನಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಗಮನಿಸಿದ ಮೇಲೆ ಏನು ಮಾಡಬೇಕು ಎಂಬುದೇ ಅವಳಿಗೆ ತಿಳಿಯುತ್ತಿರಲಿಲ್ಲ.

ಒಂದು ಭಾನುವಾರ ಟೆರೇಸಿನಲ್ಲಿ ಬಟ್ಟೆ ಒಣಹಾಕುವಾಗ ಕೇಳಿಯೇಬಿಟ್ಟಳು. "ಅಕ್ಕ, ಏನಾಗ್ತಿದೆ ನಿಂಗೆ?"

ಅಕ್ಕ ದಿಂಬಿನ ಕವರೊಂದನ್ನು ಕೊಡವುತ್ತಾ ನಿಂತಳು. "ಕತ್ತರಿ ಹಿಡಿದ್ರೆ ಎದೆ ಮೇಲೆ ಯಾರೋ ಹತ್ತಿ ಕೂತ ಹಾಗಾಗತ್ತೆ ಪುಟ್ಟಿ. ಗೆರೆ ಸರಿ ಇದೆ ಅಂತ ಗೊತ್ತು. ಆದ್ರೂ ಏನೋ ಕೆಟ್ಟದಾಗೋಗತ್ತೆ ಅನ್ಸತ್ತೆ. ಬಟ್ಟೆಗಲ್ಲ. ಅದಕ್ಕಿಂತ ದೊಡ್ಡದಕ್ಕೆ."

ಯಾವುದಕ್ಕೆ ಎಂದು ಕೇಳಬೇಕಿತ್ತು. ಕೇಳಿದರೆ ಉತ್ತರ ಬರುತ್ತದಲ್ಲ ಎಂದು ತಂಗಿಗೆ ಭಯವಾಯಿತು. "ನಿಂಗೆ ಸುಸ್ತಾಗಿದೆ ಅಷ್ಟೆ. ಎಲ್ಲ ಸರಿಹೋಗತ್ತೆ ಬಿಡು," ಎಂದಳು. ಅಕ್ಕ "ಹೂಂ" ಎಂದು ಕ್ಲಿಪ್ಪಿಗೆ ಕೈ ಚಾಚಿದಳು. ಆ ಮಾತು ಮತ್ತೆ ಬರಲಿಲ್ಲ.

ಮರುವಾರ ಅಂಗಡಿಯ ಯಜಮಾನರು ತಂಗಿಯನ್ನು ಗ್ಲಾಸಿನ ಬಾಗಿಲ ಹತ್ತಿರ ಕರೆದರು. ಕೆಟ್ಟ ಮನುಷ್ಯರಲ್ಲ. ಅದೇ ಕಷ್ಟವಾಗಿತ್ತು. "ನಿಮ್ಮಕ್ಕನ ಮೇಲೆ ನಂಗೆ ಗೌರವ ಇದೆಯಮ್ಮಾ. ಆದ್ರೆ ಹನ್ನೊಂದು ಕೋಟು ಹಾಗೇ ಬಿದ್ದಿವೆ. ಹೊಲಿಯೋರು ಕೈಕಟ್ಟಿ ಕೂತಿದ್ದಾರೆ. ಡಾಕ್ಟ್ರಿಗೆ ತೋರ್ಸಿ. ತಿಂಗಳ ಕೊನೆವರೆಗೂ ಕಾಯ್ತೀನಿ, ಆಮೇಲೆ ಬೇರೆ ಮಾಸ್ಟರ್ ನೋಡ್ಬೇಕಾಗತ್ತೆ."

ತೋರಿಸುತ್ತೇನೆ ಎಂದು ತಲೆಯಾಡಿಸಿದಳು. ತೋರಿಸಲಿಲ್ಲ. ಮನಸ್ಸಿನ ಡಾಕ್ಟರ ಹತ್ತಿರ ಹೋದಳೆಂದು ಒಂದು ಕಿವಿಗೆ ಬಿದ್ದರೂ ಸಾಕು, ಆಮೇಲೆ ಅಕ್ಕನ ಕೈಗೆ ಕತ್ತರಿ ಕೊಡುವವರು ಯಾರು? ಕತ್ತರಿ ಹೋದರೆ ಅಕ್ಕನಲ್ಲಿ ಉಳಿಯುವುದಾದರೂ ಏನು? ಕೆಲಸ ಒಂದು ಉಳಿದರೆ ಉಳಿದದ್ದೆಲ್ಲ ತಾನಾಗಿ ದಾರಿಗೆ ಬಂದೀತು ಎಂದು ಅವಳಿಗನ್ನಿಸಿತು.

ಅಕ್ಕ ಸಂಜೆ ಎಲ್ಲರೂ ಹೋದ ಮೇಲೂ ಮೇಜಿನ ಮುಂದೆ ಅರ್ಧ ಗಂಟೆ ಒಬ್ಬಳೇ ನಿಂತಿರುತ್ತಿದ್ದಳು. "ನೀ ನಡಿ, ನಾನು ಗೆರೆ ಇನ್ನೊಂದ್ಸಲ ನೋಡಿ ಬರ್ತೀನಿ." ಬಟ್ಟೆಯನ್ನು ಗೆರೆಯ ಸಮೇತ ಮೇಜಿನ ಮೇಲೆಯೇ ಬಿಟ್ಟು ಬೀಗ ಹಾಕಿ ಬರುತ್ತಿದ್ದಳು. ಇನ್ನೊಂದು ಬೀಗದ ಕೈ ತಂಗಿಯ ಹತ್ತಿರವಿತ್ತು. ಬೆಳಿಗ್ಗೆ ಮಗಳನ್ನು ಸ್ಕೂಲಿಗೆ ಬಿಟ್ಟು ಅವಳು ಎಂಟಕ್ಕೇ ಅಂಗಡಿ ತೆರೆಯುತ್ತಿದ್ದಳು. ಉಳಿದವರು ಬರುವುದು ಒಂಬತ್ತಕ್ಕೆ, ಅಕ್ಕ ಇನ್ನೂ ತಡವಾಗಿ.

ಆ ಒಂದು ಗಂಟೆ ಅವಳಿಗೆ ಸಾಕಾಯಿತು.

ಮೊದಲ ದಿನ ಬೂದು ಬಟ್ಟೆಯ ಮುಂದೆ ನಿಂತು ಅಕ್ಕನ ಕತ್ತರಿಯನ್ನು ಕೈಗೆತ್ತಿಕೊಂಡಳು. ಕತ್ತರಿ ಹಿಡಿಯುವುದನ್ನು ಅಕ್ಕನೇ ಕಲಿಸಿದ್ದಳು, ಹದಿನಾಲ್ಕು ವರ್ಷದಿಂದ ಅವಳ ಕೈಯನ್ನೇ ನೋಡುತ್ತಲೂ ಇದ್ದಳು. ಗೆರೆಯಂತೂ ಅಕ್ಕನದೇ, ಕೂದಲೆಳೆಯಷ್ಟೂ ಆಚೀಚೆ ಇಲ್ಲದ್ದು. ಅದರ ಮೇಲೆ ಸಾಗಿದರಾಯಿತು. ಉಸಿರು ಬಿಗಿಹಿಡಿದು ಸಾಗಿದಳು. ಬೆನ್ನು, ಎದೆಯ ಎರಡು ಭಾಗ, ತೋಳು. ತೋಳನ್ನು ಕೂಡಿಸುವ ಕಡೆ ಗುರುತಿಗೆಂದು ಎಲ್ಲ ಮಾಸ್ಟರುಗಳೂ ಬಟ್ಟೆಯಂಚಿಗೆ ಒಂದು ಸಣ್ಣ ಕಚ್ಚು ಹಾಕುತ್ತಾರೆ. ಅಕ್ಕ ಮಾತ್ರ ಎರಡು ಹಾಕುತ್ತಿದ್ದಳು, ಜೋಳದ ಕಾಳಿನಷ್ಟು ಅಂತರದಲ್ಲಿ. ಅದು ಅವಳ ಸಹಿ ಇದ್ದ ಹಾಗೆ. ಯಾರಿಗೂ ಅನುಮಾನ ಬರಬಾರದೆಂದು ತಂಗಿಯೂ ಎರಡು ಹಾಕಿದಳು.

ಅಕ್ಕ ಬಂದಳು. ಚೀಲ ಗೂಟಕ್ಕೆ ಹಾಕಿ ಮೇಜಿನ ಕಡೆ ತಿರುಗಿದಳು. ತುಂಡುಗಳನ್ನು ಬಹಳ ಹೊತ್ತು ನೋಡಿದಳು. ತೋಳನ್ನೆತ್ತಿ ಆ ಎರಡು ಕಚ್ಚುಗಳ ಮೇಲೆ ಉಗುರು ಆಡಿಸಿದಳು.

"ಇದು ಯಾರು ಕತ್ತರಿಸಿದ್ದು?"

ಸತ್ಯ ಹೇಳುವುದಕ್ಕೆ ಅದೊಂದೇ ಗಳಿಗೆಯಿತ್ತು ಎಂದು ತಂಗಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿದೆ. ಆದರೆ ಆಗ ಯಜಮಾನರು ಪಕ್ಕದಲ್ಲೇ ನಿಂತಿದ್ದರು.

"ನೀನೇ ಅಲ್ವಾ ಅಕ್ಕ? ಇನ್ಯಾರು?"

"ಮಾಸ್ಟ್ರೇ, ನೀವಲ್ದೆ ನಾನಾ?" ಎಂದ ರೇಡಿಯೋ. "ನಾನು ಕತ್ತರಿ ಹಾಕಿದ್ದಿದ್ರೆ ಅದು ಕೋಟಾಗ್ತಿರ್ಲಿಲ್ಲ, ಆಲೂಗಡ್ಡೆ ಚೀಲ ಆಗ್ತಿತ್ತು!"

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ತುಂಡುಗಳನ್ನು ಗಂಟು ಕಟ್ಟಿ ಹೊಲಿಯುವವರಿಗೆ ಕೊಟ್ಟಳು. ಏನೂ ಕೇಳಲಿಲ್ಲ. ಹಗುರವಾದಳು ಎಂದು ತಂಗಿ ಅಂದುಕೊಂಡಳು. ಮನುಷ್ಯರು ಸುಮ್ಮನಾದದ್ದನ್ನೆಲ್ಲ ಸಮಾಧಾನ ಎಂದುಕೊಳ್ಳುವುದು ಎಷ್ಟು ಸುಲಭ!

ಮೂರು ವಾರ ಹೀಗೇ ನಡೆಯಿತು. ಹನ್ನೊಂದು ಕೋಟುಗಳು ಗಿರಾಕಿಗಳ ಮೈಮೇಲೇರಿದವು. ಯಜಮಾನರು ಬೇರೆ ಮಾಸ್ಟರಿನ ಮಾತೆತ್ತಲಿಲ್ಲ. ತಂಗಿಯ ಕೈ ದಿನದಿಂದ ದಿನಕ್ಕೆ ಕುದುರಿತು, ಒಳಗೊಳಗೇ ಸಣ್ಣ ಹೆಮ್ಮೆಯೂ ಮೂಡಿತು.

ಅಕ್ಕ ಮಾತ್ರ ವಿಚಿತ್ರ ಪ್ರಶ್ನೆಗಳನ್ನು ಕೇಳತೊಡಗಿದಳು. "ನಿನ್ನೆ ನಾನು ಎಷ್ಟು ಹೊತ್ತಿಗೆ ಬಂದೆ ಮನೆಗೆ?" "ಬಂದಾಗ ನನ್ನ ಮುಖ ಹೇಗಿತ್ತು?" ಒಂದು ದಿನ ತನ್ನ ಕತ್ತರಿಯನ್ನು ಅಂಗಡಿಯಲ್ಲಿ ಬಿಡದೆ ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದಳು. ತಂಗಿ ಅದನ್ನು ಕಂಡರೂ ಅರ್ಥ ಮಾಡಿಕೊಳ್ಳಲಿಲ್ಲ. ಬೆಳಿಗ್ಗೆ ಡ್ರಾಯರಿನಲ್ಲಿದ್ದ ಹಳೆಯ ಕತ್ತರಿಯಿಂದ ಕೆಲಸ ಮುಗಿಸಿದಳು. ಅವತ್ತು ಅಕ್ಕ ಮೇಜಿನ ಮುಂದೆ ನಿಂತು, ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ಮನೆಯಲ್ಲಿ ಅಕ್ಕ ಚಾಕುಗಳನ್ನು ಅಲಮಾರಿಯ ಮೇಲೆ ಎತ್ತಿಟ್ಟಳು. ಮಗು ಬಾಚಣಿಗೆ ಹಿಡಿದು ಹೋದರೆ ಅಕ್ಕ ಹಿಂದೆ ಸರಿದು, "ಜಡೆ ಅಮ್ಮನ ಹತ್ರ ಹಾಕಿಸ್ಕೋ ಕಂದಾ" ಎನ್ನುತ್ತಿದ್ದಳು.

"ದೊಡ್ಡಮ್ಮ ನನ್ ಜೊತೆ ಟೂ ಬಿಟ್ಟಿದ್ದಾಳೆ," ಎಂದು ಮಗು ದೂರು ತಂದಿತು.

ಕೊನೆಗೆ ಅಕ್ಕ ತಾನೇ ಮನಸ್ಸಿನ ಡಾಕ್ಟರ ಹತ್ತಿರ ಹೆಸರು ಬರೆಸಿ ಬಂದಳು. "ನಾಳೆ ನನ್ ಜೊತೆ ಬರ್ತೀಯಾ ಪುಟ್ಟಿ? ಅಮ್ಮಂಗೆ ಹೇಳೋದ್ ಬೇಡ."

ಡಾಕ್ಟರು ಕನ್ನಡಕ ಹಾಕಿದ ಸಣ್ಣ ಹೆಂಗಸು. ಕೋಣೆಯಲ್ಲಿ ಮೂರು ಕುರ್ಚಿ, ಒಂದು ಕಿಟಕಿ, ಮೇಜಿನ ಮೇಲೆ ನೀರಿನ ಲೋಟ. ಅಕ್ಕ ಕೈಗಳೆರಡನ್ನೂ ತೊಡೆಯ ಕೆಳಗೆ ಅದುಮಿಕೊಂಡು ಕೂತಳು.

"ನಂಗೆ ಗೊತ್ತಿಲ್ದೆ ನನ್ನ ಕೈ ಕೆಲಸ ಮಾಡತ್ತೆ ಡಾಕ್ಟ್ರೇ," ಎಂದಳು. "ಎಚ್ಚರ ಇದ್ದಾಗ ಕತ್ತರಿ ಹಾಕೋಕೆ ನಂಗಾಗಲ್ಲ. ಬೆಳಿಗ್ಗೆ ನೋಡಿದ್ರೆ ಎಲ್ಲ ಕತ್ತರಿಸಿರತ್ತೆ. ನಂದೇ ಕಚ್ಚು, ನಂದೇ ಕೈ. ಒಂದು ಚೂರೂ ನೆನಪಿಲ್ಲ. ಕತ್ತರಿ ಮನೆಗೆ ತಗೊಂಡೋದ್ರೂ ನಿಲ್ಲಲಿಲ್ಲ. ಮನೇಲಿ ಚಿಕ್ಕ ಮಗು ಇದೆ. ಬಟ್ಟೆ ಕತ್ತರಿಸಿದ್ದೇ ಗೊತ್ತಾಗ್ದೆ ಇದ್ರೆ, ಇನ್ನೇನು ಮಾಡಿದ್ರೂ ಗೊತ್ತಾಗಲ್ವಲ್ಲ."

ತಂಗಿ ಕುರ್ಚಿಯಿಂದ ಅರ್ಧ ಎದ್ದಳು. "ನಾನು," ಎಂದಳು. "ಅದು ನಾನು ಡಾಕ್ಟ್ರೇ. ಬೆಳಿಗ್ಗೆ ಬೇಗ ಹೋಗಿ ನಾನೇ ಕತ್ತರಿಸ್ತಿದ್ದೆ. ಅಕ್ಕನ ಕೆಲಸ ಹೋಗ್ಬಾರ್ದು ಅಂತ. ಅಕ್ಕ, ನೀನಲ್ಲ, ನಾನು."

ಅಕ್ಕ ಅವಳತ್ತ ತಿರುಗಿದಳು. ಎಷ್ಟೋ ತಿಂಗಳ ಮೇಲೆ ಆ ಮುಖದಲ್ಲಿ ಅಕ್ಕರೆ ಕಾಣಿಸಿತು. "ನೋಡಿದ್ರಾ ಡಾಕ್ಟ್ರೇ? ಚಿಕ್ಕಂದಿನಿಂದ ಇವಳು ಹೀಗೇ. ನಾನು ಲೋಟ ಒಡೆದ್ರೂ ಅಮ್ಮನ ಹತ್ರ ಹೋಗಿ ನಾನೇ ಒಡೆದಿದ್ದು ಅನ್ನೋಳು."

"ಆಣೆ ಮಾಡ್ಲಾ ಅಕ್ಕ?"

"ಅವತ್ತು ನಾನೇ ಕೇಳಿದ್ನಲ್ಲ ಪುಟ್ಟಿ, ಯಾರು ಕತ್ತರಿಸಿದ್ದು ಅಂತ. ನೀನೇ ಹೇಳಿದ್ದು, 'ನೀನೇ ಅಲ್ವಾ ಅಕ್ಕ' ಅಂತ. ಆಗ ನಿಜ ಹೇಳ್ಬಿಟ್ಟೆ. ಈಗ ನನ್ನ ಸ್ಥಿತಿ ನೋಡೋಕಾಗ್ದೆ ಸುಳ್ಳು ಹೇಳ್ತಿದ್ದೀಯ."

ಡಾಕ್ಟರು ಇಬ್ಬರನ್ನೂ ನೋಡಿದರು. ಅಕ್ಕನಿಗೆ ಮಾತ್ರೆ ಬರೆದರು, ಪ್ರತಿವಾರ ಬರಬೇಕೆಂದರು. ಹೊರಡುವಾಗ ತಂಗಿಯನ್ನು ಒಂದು ನಿಮಿಷ ನಿಲ್ಲಿಸಿಕೊಂಡರು. "ನಿಮ್ಮ ಮಾತು ನಾನು ನಂಬ್ತೀನಿ. ಅವರು ಈಗ ನಂಬೋ ಸ್ಥಿತಿಯಲ್ಲಿಲ್ಲ. ಆರು ತಿಂಗಳಿಂದ ಅವರಿಗೆ ಏನೋ ಕೆಟ್ಟದ್ದು ಆಗತ್ತೆ ಅಂತ ಭಯ ಇತ್ತು, ಆದ್ರೆ ಆ ಭಯಕ್ಕೆ ಸಾಕ್ಷಿ ಇರ್ಲಿಲ್ಲ. ಈಗ ಸಿಕ್ಕಿದೆ. ಅದನ್ನ ಅಷ್ಟು ಸುಲಭಕ್ಕೆ ಬಿಟ್ಟುಕೊಡಲ್ಲ. ವಾದ ಮಾಡ್ಬೇಡಿ, ಟೈಮ್ ಬೇಕು."

"ಎಷ್ಟು ಟೈಮು ಮೇಡಂ?"

ಅವರು ಪೆನ್ನಿನ ಮುಚ್ಚಳ ಹಾಕಿದರು. "ಹೇಳೋಕಾಗಲ್ಲಮ್ಮ."

ವಾದ ಮಾಡಬೇಡಿ ಎಂದಿದ್ದರು. ಆದರೆ ತೋರಿಸಬಾರದು ಎಂದಿರಲಿಲ್ಲವಲ್ಲ. ತಂಗಿ ಅಕ್ಕನ ಕೈ ಹಿಡಿದು ನೇರ ಅಂಗಡಿಗೆ ಕರೆತಂದಳು. ಊಟದ ಹೊತ್ತು, ಎಲ್ಲರೂ ಹೊರಗೆ ಹೋಗಿದ್ದರು. ಕೋಟಿನ ಒಳಪದರಕ್ಕೆ ಹಾಕುವ ಅಸ್ತರಿನ ಉಳಿಕೆ ಬಟ್ಟೆಯೊಂದನ್ನು ಹರಡಿದಳು. "ಗೆರೆ ಎಳಿ ಅಕ್ಕ. ತೋಳು ಮಾತ್ರ. ನಿನ್ನ ಕಣ್ಣೆದುರಿಗೇ ಕತ್ತರಿಸ್ತೀನಿ, ನೋಡು."

ಅಕ್ಕ ಬೇಡವೆನ್ನಲಿಲ್ಲ. ಚಕ್ಕನೆ ತೋಳಿನ ಗೆರೆ ಎಳೆದಳು, ಅದೇ ನುಣುಪು, ಅದೇ ತಿರುವು. ಆಮೇಲೆ ದೂರ ಸರಿದು ಗೋಡೆಗೆ ಒರಗಿ ನಿಂತಳು, ಕೈ ಬೆನ್ನ ಹಿಂದೆ.

ಮೂರು ವಾರ ತಪ್ಪದ ಕತ್ತರಿ ಅದು. ತಂಗಿ ಅದರ ಬಾಯಿ ತೆರೆದು ಗೆರೆಗಿಟ್ಟಳು. ಅಸ್ತರು ಜಾರುವ ಬಟ್ಟೆ, ಇರಲಿ, ನಿಧಾನಕ್ಕೆ ಎಂದುಕೊಂಡಳು. ಆದರೆ ಇದೊಂದು ಸರಿಹೋಗಲೇಬೇಕು ಎಂಬ ಯೋಚನೆ ತಲೆಗೆ ಬಂದದ್ದೇ ತಡ, ಎದೆಯ ಮೇಲೆ ಏನೋ ಹತ್ತಿ ಕೂತಿತು. ಕಂಕುಳಿನ ತಿರುವಿನಲ್ಲಿ ಕತ್ತರಿ ಗೆರೆ ಬಿಟ್ಟು ಒಳಕ್ಕೆ ಹೊಕ್ಕಿತು. ಹಿಂದಕ್ಕೆಳೆದು ಮತ್ತೆ ಹಾಕಿದಳು, ಅಂಚು ಇಲಿ ಕಡಿದಂತಾಯಿತು.

"ಇನ್ನೊಂದ್ಸಲ, ಅಕ್ಕ. ಇನ್ನೊಂದೇ ಸಲ."

"ಸಾಕು ಬಿಡು ಪುಟ್ಟಿ." ಅಕ್ಕ ಹತ್ತಿರ ಬಂದು, ಕೈಯಿಂದ ಮುಟ್ಟದೆ, ಭುಜದಿಂದ ಅವಳ ಭುಜವನ್ನು ಮೆಲ್ಲಗೆ ಒತ್ತಿದಳು. "ನಿನ್ನ ಕೈಲಾಗಲ್ಲ ಅಂತ ನಂಗೊತ್ತಿಲ್ವಾ? ಅಳಬೇಡ. ನೀನು ಹೇಳಿದ್ದು ನಂಗೋಸ್ಕರ ಅಂತ ಗೊತ್ತು."

ಅಕ್ಕ ಮರುದಿನದಿಂದ ಅಂಗಡಿಗೆ ಬರಲಿಲ್ಲ. ಯಜಮಾನರು ಹೊಸ ಮಾಸ್ಟರನ್ನು ತಂದರು. ಅವನು ಒಂದೇ ಕಚ್ಚು ಹಾಕುತ್ತಿದ್ದ. ಅಕ್ಕ ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದಳು, ವಾರಕ್ಕೊಮ್ಮೆ ಆ ಕೋಣೆಗೆ ಹೋಗಿ ಬರುತ್ತಿದ್ದಳು. ಊಟ ಸ್ವಲ್ಪ ಸೇರುತ್ತಿತ್ತು. ಡಾಕ್ಟರು ಬೇಡವೆಂದಿದ್ದರೂ ತಂಗಿ ದಿನಕ್ಕೊಮ್ಮೆಯಾದರೂ ಕತ್ತರಿಸಿದ್ದು ತಾನೇ ಎಂದು ಹೇಳುತ್ತಿದ್ದಳು, ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಸುವಾಗ. ಹೇಳಿದಷ್ಟೂ ಅದು ಕಟ್ಟಿದ ಕತೆಯಂತೆ ಅವಳ ಕಿವಿಗೇ ಕೇಳಿಸುತ್ತಿತ್ತು.

ಒಂದು ಬೆಳಿಗ್ಗೆ ಅಕ್ಕ ನೇಲ್ ಕಟರ್ ತಂದು ಅವಳ ಮುಂದಿಟ್ಟಳು. ಉಗುರುಗಳು ಉದ್ದವಾಗಿ ಅಂಚಿನಲ್ಲಿ ಮುರಿದಿದ್ದವು. "ನಾನು ಹಿಡ್ಕೊಳ್ಳಲ್ಲ. ನೀನೇ ಕತ್ತರಿಸ್ಕೊಡು."

ಬಿಸಿಲು ಬೀಳುವ ಬಾಗಿಲ ಹತ್ತಿರ ಇಬ್ಬರೂ ಕೂತರು. ಅಕ್ಕ ಎರಡು ಕೈಗಳನ್ನೂ ಚಾಚಿ, ಇಂಜೆಕ್ಷನ್ನಿಗೆ ಕೂತ ಮಗುವಿನ ಹಾಗೆ ಮುಖ ಆಚೆ ತಿರುಗಿಸಿದಳು. ತಂಗಿ ಆ ಕೈ ಹಿಡಿದಳು. ಬೆಚ್ಚಗಿತ್ತು, ಒಂದಿಷ್ಟೂ ನಡುಗುತ್ತಿರಲಿಲ್ಲ.

"ಅಕ್ಕ, ಅದು ನಾನೇ."

"ಹೂಂ, ನೀನೇ. ಸರಿ," ಎಂದಳು ಅಕ್ಕ, ಹಟ ಹಿಡಿದ ಮಗುವನ್ನು ರಮಿಸುವ ದನಿಯಲ್ಲಿ. "ಹೆಬ್ಬೆರಳಿಂದ ಶುರು ಮಾಡು."