ಗೇಜಮ್ಮನ ಹಲಗೆ

"ನಿನ್ನ ಕಣ್ಣೇನು ಕುಂಡೀಲಿದೆಯೇನೇ? ಏಳಂತೆ, ಏಳು. ಹದಿನಾಲ್ಕು ಅನ್ನೋಕೆ ನಾಲಿಗೆ ಹೊರಳಲ್ವಾ?"

ದಂಡೆಯ ಮೇಲೆ ನಿಂತು ಹೀಗೆ ಬಯ್ಯುತ್ತಿದ್ದವರು ನೀರಿನ ಇಲಾಖೆಯ ಸಾಹೇಬರು. ಹಳ್ಳದೊಳಗೆ ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ಬೈಸಿಕೊಳ್ಳುತ್ತಿದ್ದವಳು ದಿನಗೂಲಿಯ ಗೇಜಮ್ಮ. ಅವಳಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಆದರೆ ಹತ್ತು ವರ್ಷದಿಂದ ದಿನಾ ಬೆಳಿಗ್ಗೆ ಹಳ್ಳಕ್ಕಿಳಿದು, ಅಲ್ಲಿ ನೆಟ್ಟಿದ್ದ ಗೇಜಿನ ಹಲಗೆಯಲ್ಲಿ ನೀರು ಎಷ್ಟನೇ ಗೆರೆಗಿದೆ ಎಂದು ನೋಡಿ ಹೇಳುವುದೇ ಅವಳ ಕೆಲಸವಾದ್ದರಿಂದ ಕೇರಿಯವರು ಆ ಹೆಸರನ್ನು ಮರೆತೇಬಿಟ್ಟಿದ್ದರು. ಹಲಗೆ ಎದೆಯೆತ್ತರ, ಅದರ ಮೇಲೆ ಇಪ್ಪತ್ತು ಗೆರೆ.

ಸರ್ಕಾರದ ನಿಯಮವೇನೋ ಚೆನ್ನಾಗಿಯೇ ಇತ್ತು. ಬರಗಾಲದಲ್ಲೂ ಹಳ್ಳ ಹರಿಯುತ್ತಿರಬೇಕು, ನೀರು ಹತ್ತನೇ ಗೆರೆಗಿಂತ ಕೆಳಗಿಳಿದರೆ ಮೇಲ್ಗಡೆಯ ಪಂಪಿಗೆ ಬೀಗ ಹಾಕಬೇಕು. ಮೇಲ್ಗಡೆ ಇದ್ದದ್ದು ಒಂದೇ ಪಂಪು, ಧಣಿಯದು. ಅದು ಹಗಲೂ ರಾತ್ರಿ ಹಳ್ಳವನ್ನು ಹೀರಿ ಅವರ ಹೊಂಡ ತುಂಬಿಸುತ್ತಿತ್ತು. ಕೆಳಗಡೆ ಕೇರಿಯ ಮಡುವಿನಲ್ಲಿ ಹೆಂಗಸರು ಲೋಟದಲ್ಲಿ ನೀರು ಕೆರೆದು ಕೊಡ ತುಂಬಿಸುವಷ್ಟರಲ್ಲಿ ಅರ್ಧ ಹಗಲು ಕಳೆಯುತ್ತಿತ್ತು. ನೀರು ಏಳಕ್ಕಿಳಿದು ತಿಂಗಳಾಗಿತ್ತು. ಅವಳು ಏಳು ಎಂದರೆ ಸಾಹೇಬರು ಹದಿನಾಲ್ಕು ಎಂದು ಬರೆದುಕೊಳ್ಳುತ್ತಿದ್ದರು. ಹೆಚ್ಚು ಮಾತಾಡಿದರೆ ನಾಳೆಯಿಂದ ಬರಬೇಡ ಎನ್ನುತ್ತಿದ್ದರು.

ಇವತ್ತು ಮಾತ್ರ ಅವರ ಮುಖದ ಕಳೆಯೇ ಇಳಿದುಹೋಗಿತ್ತು. ಮಧ್ಯಾಹ್ನ ದೊಡ್ಡ ಸಾಹೇಬರು ತಾವೇ ಬಂದು ಗೇಜು ನೋಡುತ್ತಾರಂತೆ. ಪುಸ್ತಕದಲ್ಲಿ ಬರೆದಷ್ಟು ಸಲೀಸಾಗಿ ಹಳ್ಳದಲ್ಲಿ ನೀರು ಬರೆಯುವುದಕ್ಕಾಗುತ್ತದೆಯೇ?

ಉಪಾಯ ಹೇಳಿದವರು ಧಣಿ. ಹಲಗೆಯ ಸುತ್ತ ಮರಳಿನ ಚೀಲ ಜೋಡಿಸಿ ಕಟ್ಟೆ ಕಟ್ಟುವುದು, ತಮ್ಮ ಹೊಂಡದಿಂದ ಪೈಪು ಎಳೆದು ಕಟ್ಟೆಯೊಳಗೆ ನೀರು ಬಿಡುವುದು, ಹದಿನಾಲ್ಕಕ್ಕೆ ಬಂದ ಕೂಡಲೇ ನಿಲ್ಲಿಸುವುದು. ಅರ್ಧ ಗಂಟೆಯ ಕೆಲಸ. ಕೇರಿಯಿಂದ ಎಂಟು ಹೆಂಗಸರನ್ನು ಬಿಟ್ಟಿ ಕೆಲಸಕ್ಕೆ ಹಿಡಿದು ತಂದರು. ಕೂಲಿ ಕೇಳಿದ್ದಕ್ಕೆ, "ನಿಮ್ಮ ಹಳ್ಳದ ಮಾನ ಉಳಿಸೋಕೆ ನಿಮಗೇ ಕೂಲಿ ಕೊಡಬೇಕೇನ್ರೇ, ಮುಂಡೇರಾ?" ಎಂದರು.

ಧಣಿ ಎಂಥ ಜಿಪುಣರೆಂದರೆ, ಮಾನ ಉಳಿಸುವ ಕೆಲಸಕ್ಕೂ ಗೋದಾಮಿನಲ್ಲಿ ಇಲಿ ಕಡಿದು ಬಿಸಾಕಿದ್ದ ಹರಕು ಚೀಲಗಳನ್ನೇ ಕಳಿಸಿದ್ದರು. ಮೊದಲ ಚೀಲಕ್ಕೆ ಮರಳು ತುಂಬಿದ ಗೇಜಮ್ಮನ ನಾದಿನಿ, ಅದು ತಳದಿಂದ ಸುರಿದುಹೋಗುವುದನ್ನು ನೋಡಿ ಬಾಯಿ ತೆರೆದಳು. ಗೇಜಮ್ಮ ಕಣ್ಣು ಮಿಟುಕಿಸಿದ್ದೇ ತಡ, ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡಳು. ತೀರ ಹರಿದ ಚೀಲಗಳೆಲ್ಲ ಕಟ್ಟೆಯ ತಳಕ್ಕೆ ಹೋದವು. ಮೇಲಿನ ಸಾಲಿಗೆ ಗಟ್ಟಿ ಚೀಲ ಇಟ್ಟರು. ದಂಡೆಯಿಂದ ನೋಡಿದವರಿಗೆ ಕಟ್ಟೆ ಕೋಟೆಯ ಹಾಗೆ ಕಾಣುತ್ತಿತ್ತು.

ಪೈಪಿನಲ್ಲಿ ನೀರು ಬಂತು. ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು.

"ಎಷ್ಟೇ?"

"ಎಂಟು, ಸಾಹೇಬ್ರೇ."

ಧಣಿ ಎರಡನೇ ಪೈಪು ಎಳೆಸಿದರು. ಇನ್ನೊಂದು ಗಂಟೆ ಕಳೆದರೂ ಒಂಬತ್ತೇ. ಹತ್ತು ವರ್ಷದಲ್ಲಿ ಗೇಜಮ್ಮ ಇಷ್ಟು ನಿಷ್ಠೆಯಿಂದ ಹಲಗೆ ನೋಡಿರಲಿಲ್ಲ. ನಿಜ ಹೇಳಿ ಹೇಳಿ ಬೈಸಿಕೊಂಡು ಸತ್ತಿದ್ದ ಅವಳ ನಾಲಿಗೆಗೆ ಇವತ್ತು ನಿಜ ಹೇಳುವುದು ಎಷ್ಟು ರುಚಿಯಾಗಿತ್ತೆಂದರೆ, ಕೇಳದಿದ್ದಾಗಲೂ ಒಂದೆರಡು ಸಲ ಕೂಗಿ ಹೇಳಿದಳು. ಏರುತ್ತಿಲ್ಲ ಯಾಕೆ ಎಂದು ಸಾಹೇಬರು ಕೇಳಿದರೆ, ನೆಲ ಬಾಯಾರಿದೆ, ಮೊದಲು ಅದು ಕುಡಿದು ಆಮೇಲಲ್ಲವೇ ನಮಗೆ ಎಂದಳು. ಇಳಿದು ನೋಡೋಣವೆಂದರೆ ಸಾಹೇಬರ ಬೂಟು ಹೊಸದು. ಧಣಿಯ ಬೂಟಿಗಂತೂ ಕೆಸರು ಯಾವ ಬಣ್ಣವೆಂದೇ ಗೊತ್ತಿರಲಿಲ್ಲ.

ಅಷ್ಟರಲ್ಲಿ ಕೆಳಗಡೆಯಿಂದ ಗಲಾಟೆ ಕೇಳಿಸತೊಡಗಿತು. ಮಡು ತುಂಬುತ್ತಿತ್ತು. ತಿಂಗಳಿಂದ ಮೈಗೆ ನೀರು ಕಾಣದಿದ್ದವರು ಸೀರೆ ಸಮೇತ ಬಿದ್ದು ಹೊರಳಾಡಿ ಕೇಕೆ ಹಾಕುತ್ತಿದ್ದರು.

"ಅದೇನೇ ಸದ್ದು?" ಎಂದರು ಧಣಿ.

"ಅಳ್ತಿದ್ದಾರೆ ಧಣಿ. ನೀರಿಲ್ಲ ಅಂತ."

ನಾದಿನಿ ಸೆರಗನ್ನು ಬಾಯಿಗೆ ತುರುಕಿಕೊಂಡು ಆಚೆ ತಿರುಗಿದಳು.

ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ದಂಡೆಯ ಮೇಲೆ ದೊಡ್ಡ ಸಾಹೇಬರ ಜೀಪು ಬಂದು ನಿಂತಿತು. ಗೇಜಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇವತ್ತು ತುಂಬಿದ ಮಡು ನಾಲ್ಕು ದಿನಕ್ಕೆ ಬಂದೀತು. ಸಂಜೆ ಪಂಪು ಮತ್ತೆ ಶುರುವಾದರೆ ಐದನೇ ದಿನ ಅದೇ ಲೋಟ, ಅದೇ ಕೆಸರು. ಪಂಪು ನಿಲ್ಲಬೇಕೆಂದರೆ ಇವಳು ಬಾಯಿ ಬಿಡಬೇಕು, ಬಿಟ್ಟರೆ ಇವಳ ಕೂಲಿಗೆ ಕಲ್ಲು ಬೀಳುತ್ತದೆ. ಅವಳಿಗೆ ನಿಜವಾಗಿಯೂ ಹೆದರಿಕೆಯಾಯಿತು.

"ಎಷ್ಟಿದೆ?" ದೊಡ್ಡ ಸಾಹೇಬರು ಪೆನ್ನು ತೆಗೆದರು.

"ಹದಿನಾಲ್ಕು, ಸಾರ್," ಎಂದರು ಸಾಹೇಬರು.

"ಒಂಬತ್ತು," ಎಂದಳು ಗೇಜಮ್ಮ. "ಧಣಿ ಪೈಪು ತೆಗೆದ್ರೆ ಏಳು."

"ಸುಳ್ಳು ಬೊಗಳ್ತಾಳೆ, ಸಾರ್. ಓದು ಬರದ ಮುಂಡೇದು."

"ಇಳಿದು ನೋಡಿ, ಸ್ವಾಮಿ."

ಮೂರು ಜೊತೆ ಬೂಟುಗಳು ದಂಡೆಯ ಅಂಚಿಗೆ ಬಂದು ಅಲ್ಲೇ ನಿಂತವು. ದೊಡ್ಡ ಸಾಹೇಬರು ಕೆಸರನ್ನು ನೋಡಿದರು, ತಮ್ಮ ಪ್ಯಾಂಟನ್ನು ನೋಡಿಕೊಂಡರು, ಕೆಮ್ಮಿದರು. ಕೈಕೆಳಗಿನ ಅಧಿಕಾರಿ ಹೇಳಿದ್ದನ್ನೇ ಬರೆದುಕೊಳ್ಳುವುದು ವಾಡಿಕೆ ಎಂದರು. ಪೆನ್ನು ಕಾಗದದತ್ತ ಹೋಯಿತು.

ಹೆದರಿಕೆ ಇದ್ದ ಜಾಗದಲ್ಲಿ ಗೇಜಮ್ಮನಿಗೆ ಸಿಟ್ಟು ನೆತ್ತಿಗೇರಿತು. ಎರಡೂ ಕೈಯಲ್ಲಿ ಹಲಗೆ ಹಿಡಿದು ಅಲ್ಲಾಡಿಸಿದಳು. ನಾದಿನಿ ಬಂದು ಕೈಕೊಟ್ಟಳು. ಹತ್ತು ವರ್ಷ ನೆಟ್ಟಗೆ ನಿಂತಿದ್ದ ಹಲಗೆ ಲೊಚಕ್ಕನೆ ಕಿತ್ತು ಬಂತು. ಅದನ್ನು ಹೆಗಲಿಗೇರಿಸಿ ಗೇಜಮ್ಮ ದಂಡೆ ಹತ್ತಿದಳು. ಹಲಗೆಯಿಂದ ಸುರಿದ ಕೆಸರು ಮೂರು ಜೊತೆ ಬೂಟಿಗೂ ಸಮಪಾಲಾಗಿ ಬಿತ್ತು.

"ಸರ್ಕಾರದ ಸಾಮಾನು ಕಣೇ ಅದು, ಎಲ್ಲಿಗೆ ಹೊತ್ಕೊಂಡು ಹೋಗ್ತೀಯ?" ಎಂದು ಕೂಗಿದರು ಸಾಹೇಬರು.

"ನೀರಿರೋ ಕಡೆಗೆ."

ಅವಳ ಕೇರಿಯವರು ಇದುವರೆಗೆ ದಾಟದಿದ್ದ ಧಣಿಯ ಗೇಟನ್ನು ಕೆಸರು ಕಾಲಿನಿಂದ ಒದ್ದು ತೆಗೆದಳು. ಹಿಂದೆ ದಂಡೆಯ ಮೇಲಿಟ್ಟಿದ್ದ ತಮ್ಮ ಕೊಡ ಎತ್ತಿಕೊಂಡು ಎಂಟು ಹೆಂಗಸರು, ಅವರ ಹಿಂದೆ ಧಣಿಯ ಬೈಗುಳ, ಕೊನೆಯಲ್ಲಿ ಪೆನ್ನು ಹಿಡಿದ ದೊಡ್ಡ ಸಾಹೇಬರು. ಪೈಪುಗಳಲ್ಲಿ ಎರಡು ಗಂಟೆ ನೀರು ಹೊರಗೆ ಹೋಗಿದ್ದರೂ ಹೊಂಡ ಮೂರೇ ಮೆಟ್ಟಿಲು ಇಳಿದಿತ್ತು. ಹೆಂಗಸರು ಮೆಟ್ಟಿಲಿನ ಅಂಚಿಗೆ ಬಂದು ಬಗ್ಗಿ ನೋಡಿದರು. ತಾವು ತಿಂಗಳಿಡೀ ಲೋಟದಲ್ಲಿ ಕೆರೆದದ್ದು ಈ ನೀರಿಗಾಗಿ.

ಗೇಜಮ್ಮ ಒಂದೊಂದೇ ಮೆಟ್ಟಿಲಿಳಿದಳು. ಸೊಂಟ ಮುಳುಗಿತು, ಎದೆ ಮುಳುಗಿತು. ನೀರು ಕುತ್ತಿಗೆಗೆ ಬಂದಾಗ ಹಲಗೆಯನ್ನು ನೆಟ್ಟಗೆ ಹಿಡಿದು ಕೆಳಕ್ಕೆ ಒತ್ತಿದಳು. ಹತ್ತು ಹೋಯಿತು, ಹದಿನಾಲ್ಕು ಹೋಯಿತು, ಇಪ್ಪತ್ತೂ ಮುಳುಗಿ ಹಲಗೆಯೇ ಕಾಣದಾಯಿತು.

"ಹಲಗೆ ಸಾಲ್ತಿಲ್ಲ, ಸ್ವಾಮಿ," ಎಂದಳು. "ಬರ್ಕೊಳ್ಳಿ."

ಒಬ್ಬೊಬ್ಬರಾಗಿ ಎಂಟು ಹೆಂಗಸರೂ ಕೊಡಗಳೊಂದಿಗೆ ಮೆಟ್ಟಿಲಿಳಿಯತೊಡಗಿದರು. ದೊಡ್ಡ ಸಾಹೇಬರ ಪೆನ್ನು ಇನ್ನೂ ಕಾಗದ ಮುಟ್ಟಿರಲಿಲ್ಲ.