ಬೆಟ್ಟದಪ್ಪನ ಹೆಸರು

ನನ್ನ ಹೆಸರು ಮೃತ್ಯುಂಜಯ. ಕೆಲಸ, ಪುರಸಭೆಯಲ್ಲಿ ಜನನ ಮರಣದ ರಿಜಿಸ್ಟರ್ ಬರೆಯುವುದು. ಸಾವನ್ನು ಗೆದ್ದವನ ಹೆಸರಿಟ್ಟುಕೊಂಡು ದಿನಾ ಸಾವು ಬರೆಯುವ ಗ್ರಹಚಾರ ನನಗೆ ಬಿಟ್ಟು ಇನ್ಯಾರಿಗೆ ಬಂದಿದೆಯೋ ಕಾಣೆ. ಇಪ್ಪತ್ಮೂರು ವರ್ಷದಿಂದ ವಾರಕ್ಕೊಬ್ಬರಾದರೂ ಈ ತಮಾಷೆಯನ್ನು ನನಗೇ ಹೇಳಿ ತಾವೇ ನಗುತ್ತಾರೆ. ನಾನು ನಗುವುದನ್ನು ಬಿಟ್ಟು ಬಹಳ ಕಾಲವಾಯಿತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಆಫೀಸಿನಲ್ಲಿ ಎಲ್ಲರಿಗೂ ಗೊತ್ತು.

ಆವತ್ತು ಗುರುವಾರ, ಊಟ ಮುಗಿಸಿ ಬಂದು ಕೂತಿದ್ದೆ. ಕಿಟಕಿಯಲ್ಲಿ ಒಂದು ಹುಡುಗಿ ನಿಂತಿತ್ತು. ಬಿಸಿಲಲ್ಲಿ ಓಡಾಡಿ ಕಪ್ಪಾದ ಮುಖ, ಕಾಲಲ್ಲಿ ಓಟದ ಶೂ. ಹೆಸರು ಭಾಗ್ಯ ಅಂದಳು. ಹಿಂದಿನ ದಿನವಷ್ಟೇ ನಮ್ಮ ಕೌಂಟರಿನಲ್ಲಿ ತೆಗೆದುಕೊಂಡ ತನ್ನ ಜನನ ಪತ್ರವನ್ನು ಒಳಗೆ ತಳ್ಳಿದಳು.

"ಸಾರ್, ಇದ್ರಲ್ಲಿ ನಮ್ಮಪ್ಪನ ಹೆಸ್ರು ತಪ್ಪಾಗದೆ."

"ಕಾಗುಣಿತವಾ?"

"ಇಲ್ಲ ಸಾರ್. ಅಪ್ಪನೇ ಬೇರೆ ಆಗವ್ರೆ."

ನೋಡಿದೆ. ತಂದೆಯ ಹೆಸರು ಬೆಟ್ಟದಪ್ಪ ಅಂತ ಇತ್ತು. ಅವಳ ಮಾರ್ಕ್ಸ್ ಕಾರ್ಡು, ಜಾತಿ ಪತ್ರ, ಆಧಾರ್, ಎಲ್ಲದರಲ್ಲೂ ಮಹದೇವಪ್ರಸಾದ್. ಅರಣ್ಯ ಇಲಾಖೆಯಲ್ಲಿ ಕಾಡು ಕಾಯುವ ವೀಕ್ಷಕಿಯ ಕೆಲಸಕ್ಕೆ ಅರ್ಜಿ ಹಾಕಿ, ಓಡಿ, ಜಿಗಿದು, ಪಟ್ಟಿಯಲ್ಲಿ ಹೆಸರು ಬರಿಸಿಕೊಂಡಿದ್ದಳು. ಮಾರನೇ ದಿನ ಸಂಜೆ ಐದರೊಳಗೆ ಚಾಮರಾಜನಗರದಲ್ಲಿ ಮೂಲ ದಾಖಲೆಗಳನ್ನೆಲ್ಲ ತೋರಿಸಬೇಕು. ಒಂದಕ್ಕೊಂದು ಹೊಂದದಿದ್ದರೆ ಕೆಲಸ ಪಟ್ಟಿಯಲ್ಲಿ ಅವಳ ನಂತರ ಇರುವವರಿಗೆ ಹೋಗುತ್ತದೆ.

ನನಗೆ ರೇಗಿತು. "ಹತ್ತೊಂಬತ್ತು ವರ್ಷ ಎಲ್ಲಿ ಮಲಗಿದ್ರಿ? ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡೋಕೆ ಬರ್ತೀರಲ್ಲ! ಸ್ಕೂಲಿಗೆ ಸೇರಿಸುವಾಗ ನೋಡಲಿಲ್ವಾ?"

"ಸ್ಕೂಲಿಗೆ ಅಪ್ಪನೇ ಬಂದು ಬಾಯಲ್ಲೇ ಹೇಳಿ ಸೇರ್ಸಿದ್ರು ಸಾರ್. ಈ ಪತ್ರ ಇಲ್ಲಿಗಂಟ ಯಾರೂ ಕೇಳಿರ್ಲಿಲ್ಲ."

"ತಾಳು, ಇದನ್ನ ಯಾವ ಕತ್ತೆ ಬರೆದಿದಾನೋ ನೋಡ್ತೀನಿ" ಅಂತ ಸ್ಟೂಲು ಹತ್ತಿ, ಮೇಲಿನ ಕಪಾಟಿನಿಂದ ಎರಡು ಸಾವಿರದ ಆರನೇ ಇಸವಿಯ ರಿಜಿಸ್ಟರ್ ಇಳಿಸಿದೆ. ದೂಳು ಕೊಡವಿ ಪುಟ ತಿರುವಿದೆ. ಕತ್ತೆ ನಾನೇ. 'ಬೆಟ್ಟದಪ್ಪ' ಅನ್ನುವುದರ ಎರಡು ಒತ್ತಕ್ಷರವೂ ನನ್ನ ಕೈಯವು.

ಮನೆಯಲ್ಲೇ ಆದ ಹೆರಿಗೆ. ಮಾಹಿತಿ ಕೊಟ್ಟವರು ತಾಯಿ, ಚಾಮುಂಡಿ. ಎಡಗೈ ಹೆಬ್ಬೆಟ್ಟು.

"ಅವ್ವ ಅಪ್ಪನ ಹೆಸ್ರು ಹೇಳಲ್ಲ ಸಾರ್" ಅಂದಳು ಭಾಗ್ಯ. "ಯಾರಾದ್ರೂ ಕೇಳುದ್ರೆ 'ಬೆಟ್ಟದಪ್ಪನ ಎಸ್ರು' ಅಂತದೆ."

ಆಗ ಅರ್ಥವಾಯಿತು. ನಮ್ಮ ಸೀಮೆಯಲ್ಲಿ ಬೆಟ್ಟಕ್ಕೇನು ಬರವೇ? ಮಾದಪ್ಪನಿಗೊಂದು, ಬಿಳಿಗಿರಿರಂಗನಿಗೊಂದು, ಗೋಪಾಲಸ್ವಾಮಿಗೊಂದು. ಯಾವ ಬೆಟ್ಟದಪ್ಪ ತಾಯಿ ಅಂತ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ನಾನು ಕೇಳಲಿಲ್ಲ. ಎಳೆಗೂಸನ್ನು ಎತ್ತಿಕೊಂಡು ಬಂದ ಬಾಣಂತಿಯನ್ನು "ಬೇಗ ಹೇಳು, ಹಿಂದೆ ಜನ ನಿಂತವ್ರೆ" ಅಂತ ಗದರಿರುತ್ತೇನೆ. ನೆನಪಿಲ್ಲ, ಆದರೆ ನನ್ನ ಬುದ್ಧಿ ನನಗೆ ಗೊತ್ತಿಲ್ಲವೇ. ನಾಚಿಕೆಯಾಯಿತು. ಆ ಹುಡುಗಿಯ ಮುಖ ನೋಡಲಾಗದೆ ರಿಜಿಸ್ಟರ್ ಎತ್ತಿಕೊಂಡು ರೂಪಶ್ರೀ ಮೇಡಂ ಕೋಣೆಗೆ ಹೋದೆ.

ರೂಪಶ್ರೀ ನಮ್ಮ ಆರೋಗ್ಯ ನಿರೀಕ್ಷಕಿ. ಜನನ ಮರಣದ ನೋಂದಣಿ ಅಧಿಕಾರಿಯೂ ಅವರೇ. ತಿದ್ದುಪಡಿಗೆ ಅವರ ಸಹಿ ಬೀಳಬೇಕು. ವಯಸ್ಸಿನಲ್ಲಿ ನನ್ನ ಮಗಳಷ್ಟು, ಕಾನೂನಿನಲ್ಲಿ ನನ್ನಜ್ಜಿಯಷ್ಟು.

"ತಪ್ಪು ನಂದೇ ಮೇಡಂ. ತಿದ್ದಿಬಿಡೋಣ" ಅಂದೆ.

"ಇದು ಕಾಗುಣಿತ ತಿದ್ದೋದಲ್ಲ ಸಾರ್. ಅಪ್ಪನ್ನೇ ಬದಲಾಯಿಸ್ತಾ ಇದೀವಿ. ನಾಳೆ ಇನ್ಯಾರೋ ಆಸ್ತಿಗೋಸ್ಕರ ಇದನ್ನೇ ಕೇಳಿಕೊಂಡು ಬಂದ್ರೆ? ಅವತ್ತು ಹೇಳಿದ್ದು ತಾಯಿ ತಾನೇ? ಅವರೇ ಬಂದು ನನ್ನ ಮುಂದೆ ತಮ್ಮ ಬಾಯಲ್ಲಿ ಗಂಡನ ಹೆಸರು ಹೇಳಲಿ. ಯಾರೂ ಹೇಳಿಕೊಡಬಾರದು. ನಾಳೆ ಬೆಳಿಗ್ಗೆ ಬಂದ್ರೆ ನಾಳೆನೇ ಸಹಿ ಹಾಕ್ತೀನಿ."

ಮಾತು ನ್ಯಾಯವಾಗಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಶುಕ್ರವಾರ ಬಾಗಿಲು ತೆಗೆಯುವ ಹೊತ್ತಿಗೆ ಅಪ್ಪ, ಅವ್ವ, ಮಗಳು ಮೂವರೂ ಮೆಟ್ಟಿಲ ಮೇಲಿದ್ದರು. ಚಾಮುಂಡಿಗೆ ನಲವತ್ತರ ಮೇಲೆ ಒಂದೆರಡು ವರ್ಷ ಇರಬಹುದು. ಚೆಂಡುಹೂವಿನ ಹೊಲದಲ್ಲಿ ಕೂಲಿ, ಬೆರಳ ತುದಿಯೆಲ್ಲ ಹಳದಿ. ಗಂಡ ಅರಿಸಿನದ ಮಂಡಿಯಲ್ಲಿ ಮೂಟೆ ಹೊರುತ್ತಿದ್ದವನು, ಈಗ ಅಲ್ಲೇ ತೂಕದ ಹತ್ತಿರ ಕೂರುತ್ತಾನೆ. ಮೇಡಂ ಅವನನ್ನು ಹೊರಗೆ ವರಾಂಡದ ಬೆಂಚಿನ ಮೇಲೆ ಕೂರಿಸಿ, ತಾಯಿ ಮಗಳನ್ನು ಮಾತ್ರ ಒಳಗೆ ಕರೆದರು. ನಾನು ಹೇಳಿಕೆಯ ಹಾಳೆ ಹಿಡಿದು ಕೂತೆ.

"ನಿಮ್ಮ ಯಜಮಾನರ ಹೆಸರೇನಮ್ಮ?" ಮೇಡಂ ಕೇಳಿದರು.

ಚಾಮುಂಡಿ ಸೆರಗು ಸರಿಮಾಡಿಕೊಂಡು, ನೆಲ ನೋಡುತ್ತಾ, "ಬೆಟ್ಟದಪ್ಪನ ಎಸ್ರು ಕಣ್ ಮೇಡಂ" ಅಂದಳು.

ನಾನು ಪೆನ್ನು ಕೆಳಗಿಟ್ಟೆ. "ತಾಯಿ, ಹೋದ ಸಲ ಹಿಂಗಂದೇ ಇಷ್ಟೆಲ್ಲ ಆಗಿರೋದು! ಯಾವ ಬೆಟ್ಟ?"

"ಎಪ್ಪತ್ತೇಳು ಮಲೆ ಇಲ್ವಾ ಸಾ, ಅಲ್ಲಿರೋ ಅಪ್ಪ."

"ಆ ಅಪ್ಪನ ಹೆಸರೇನು?"

ಅವಳು ಬಾಯಿ ಬಿಗಿದುಕೊಂಡಳು. "ಅದ್ನೂ ಏಳಲ್ಲ ಸಾ. ಬೆಟ್ಟಕ್ಕೋದ್ರೂ ಎಲ್ರೂ ಉಘೇ ಅಂದು ಎಸ್ರು ಕೂಗ್ತಾರೆ. ನಾನು ಉಘೇ ಉಘೇ ಅಂತೀನಿ, ಎಸ್ರು ಬುಟ್ಬುಡ್ತೀನಿ."

ಆ ಮಲೆಯ ಮಾದಪ್ಪ ಅಂದರೆ ಮಹದೇವನೇ. ಗಂಡನ ಹೆಸರು ದೇವರಿಗೂ ಇದೆ ಅಂತ ದೇವರ ಹೆಸರನ್ನೂ ಬಿಟ್ಟವಳು ಇವಳು. ಇನ್ನು ನನ್ನಂಥ ಗುಮಾಸ್ತ ಯಾವ ಲೆಕ್ಕ!

ಬಾಗಿಲಲ್ಲಿ ನಲ್ಲಿ ನೀರಿನ ದೂರು ಹಿಡಿದು ನಿಂತಿದ್ದ ಮುದುಕ ಮೂಗಯ್ಯ ತಲೆ ಹಾಕಿದ. ಹೆಸರು ಮೂಗಯ್ಯ, ಬಾಯಿ ಮಾತ್ರ ಊರಗಲ. "ಏಳ್ಬುಡವ್ವ ಅತ್ಲಾಗೆ! ಎಸ್ರೇನ್ ಆವಾ, ಕಚ್ಚಕ್ಕೆ?"

"ನಿನ್ನ ಸರದಿ ಬಂದಾಗ ಕರೀತೀನಿ, ಹೋಗಯ್ಯ" ಅಂತ ಅವನನ್ನು ಅಟ್ಟಿದೆ.

"ಅವ್ವ, ನಾನ್ ಹೇಳ್ತೀನಿ, ನೀನು ಹೂ ಅನ್ನು ಸಾಕು" ಅಂದಳು ಭಾಗ್ಯ. ಮೇಡಂ ತಲೆ ಆಡಿಸಿ, ಹೇಳಿಕೊಟ್ಟ ಹಾಗಾಗುತ್ತದೆ ಅಂದರು. ಬರೆದು ತೋರಿಸಲಿ ಅಂದರೆ ಚಾಮುಂಡಿಗೆ ಅಕ್ಷರ ಬರುವುದಿಲ್ಲ. ಗಂಟೆ ಹನ್ನೊಂದಾಯಿತು. ಹನ್ನೆರಡೂವರೆಯ ಚಾಮರಾಜನಗರದ ಬಸ್ಸು ತಪ್ಪಿದರೆ ಮುಂದಿನದನ್ನು ನಂಬುವ ಹಾಗಿರಲಿಲ್ಲ. ಗುಂಡ್ಲುಪೇಟೆಯ ಸ್ಟ್ಯಾಂಡಿನಲ್ಲಿ ಶುಕ್ರವಾರದ ನೂಕುನುಗ್ಗಲು ಹೇಗಿರುತ್ತದೆ ಅಂತ ನನಗೆ ಗೊತ್ತು.

"ಯಾಕಮ್ಮ ಇಷ್ಟು ಹಟ?" ಮೇಡಂ ಮೆತ್ತಗೆ ಕೇಳಿದರು.

ಚಾಮುಂಡಿಯ ಕಣ್ಣು ತುಂಬಿತು. "ಅಟ ಅಲ್ಲ ಮೇಡಂ. ಎಂಡ್ರು ಎಸ್ರು ಏಳುದ್ರೆ ಗಂಡನ ಆಯಸ್ಸು ಸವೀತದಂತೆ. ಓದ ವರ್ಸ ಎದೆ ಇಡ್ಕಂಡು ಮಂಡೀಲೇ ಬಿದ್ಬುಟ್ರು. ಒಂಬತ್ತು ದಿನ ಮೈಸೂರ್ ಆಸ್ಪತ್ರೇಲಿ ಇಟ್ಕಂಡಿದ್ದೊ. ಡಾಕ್ಟ್ರು ಏನೋ ಮಾಡಿ ಉಳ್ಸುದ್ರು. ಈಗ ನಾನೇ ನನ್ ಬಾಯಾರೆ..." ಅಂದು ನಿಲ್ಲಿಸಿದಳು.

ಭಾಗ್ಯ ಅಮ್ಮನ ಕೈ ಹಿಡಿದುಕೊಂಡಳು. "ಬುಡವ್ವ. ನಡಿ ಹೋಗನ. ಮುಂದಿನ ಸಲ ಕರೀತಾರೆ, ಇನ್ನೊಂದ್ಸಲ ಓಡ್ತೀನಿ ಬುಡು." ಮುಂದಿನ ಸಲ ಯಾವಾಗ ಕರೆಯುತ್ತಾರೋ, ಆ ಇಲಾಖೆಗೇ ಗೊತ್ತಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಮರಣದ ರಿಜಿಸ್ಟರುಗಳನ್ನು, ಕೈಗೆ ಸಿಕ್ಕಷ್ಟು, ತಂದು ಮೇಜಿನ ಮೇಲೆ ಹಾಕಿದೆ.

"ಚಾಮುಂಡಮ್ಮ, ಇಲ್ಲಿ ನೋಡು. ನಿನಗೆ ಓದಕ್ಕೆ ಬರಲ್ಲ, ನಾನು ಓದ್ತೀನಿ. ಸುಳ್ಳು ಓದಿದ್ರೆ ನಿನ್ನ ಮಗಳು ಇಲ್ಲೇ ಇದಾಳೆ, ಹಿಡೀಲಿ. ಇದು ಸಾವಿನ ಕಾರಣದ ಕಾಲಂ." ಬೆರಳಿಟ್ಟು ಓದಿದೆ. "ಎದೆ ನೋವು. ವಯಸ್ಸು. ಸಕ್ಕರೆ ಕಾಯಿಲೆ. ಲಾರಿ. ವಯಸ್ಸು. ಹಾವು. ತೆಂಗಿನ ಮರದಿಂದ ಬಿದ್ದು. ಇಲ್ಲೊಬ್ಬನಿಗೆ ಆನೆ." ಪುಟ ತಿರುವಿದೆ, ಇನ್ನೊಂದು ರಿಜಿಸ್ಟರ್ ತೆಗೆದೆ. "ಇಪ್ಪತ್ಮೂರು ವರ್ಷ, ಈ ಊರಿನ ಸಾವೆಲ್ಲ ನನ್ನ ಕೈಯಲ್ಲೇ ಬರೆದಿದೀನಿ. ಹೆಂಡತಿ ಹೆಸರು ಹಿಡಿದು ಕರೆದಳು ಅಂತ ಗಂಡ ಸತ್ತ ಅನ್ನೋದು ಒಂದೇ ಒಂದು ಇಲ್ಲ. ಇದ್ದಿದ್ರೆ ಬರೀತಿದ್ದೆ, ನನಗೇನು ಭಯ!"

ಭಾಗ್ಯ ಬಗ್ಗಿ ನೋಡಿ, "ನಿಜ ಕಣವ್ವ" ಅಂದಳು. ಚಾಮುಂಡಿ ಕಣ್ಣೊರೆಸಿಕೊಂಡು ಆ ಪುಟವನ್ನೇ ನೋಡುತ್ತಿದ್ದಳು.

ಮುಂದಿನ ಪುಟದಲ್ಲಿ ನನ್ನ ಬೆರಳು ತಾನಾಗಿ ನಿಂತಿತು. ಆ ಪುಟ ಅಲ್ಲಿದೆ ಅಂತ ಗೊತ್ತಿದ್ದೂ ತಿರುವಿದ್ದೆ.

"ಇವರು ಮರಿಮಲ್ಲಪ್ಪ. ನಮ್ಮಪ್ಪ. ಇದನ್ನೂ ನಾನೇ ಬರೆದದ್ದು. ನಮ್ಮವ್ವ ನಿನ್ನ ಹಂಗೇ ಕಣಮ್ಮ, ಒಂದು ದಿನ ಅವರ ಹೆಸರು ಬಾಯಲ್ಲಿ ತಂದವಳಲ್ಲ. ಆದ್ರೂ ಅರವತ್ತು ತುಂಬೋಕೆ ಮುಂಚೆ ಹೋದ್ರು. ಹೆಸರು ಹೇಳದೇ ಇದ್ದಿದ್ದಕ್ಕೆ ಯಮ ಒಂದು ದಿನಾನೂ ಜಾಸ್ತಿ ಕೊಡಲಿಲ್ಲ. ಹನ್ನೊಂದನೇ ದಿನ ಮುಗಿದ ಮೇಲೆ ಅವ್ವ ನನ್ನ ಹತ್ರ ಏನಂದಳು ಗೊತ್ತಾ? 'ಒಂದ್ಸಲ ಕರೀಬೌದಾಗಿತ್ತು ಕಣ್ಲಾ ಮಗಾ, ಕೇಳುಸ್ಕಳವ್ರು' ಅಂದಳು."

ಇದನ್ನು ನಾನು ಇದುವರೆಗೆ ಯಾರಿಗೂ ಹೇಳಿರಲಿಲ್ಲ, ನನ್ನ ಹೆಂಡತಿಗೂ. ಮೇಡಂ ಕಿಟಕಿಯ ಕಡೆ ತಿರುಗಿಕೊಂಡರು.

ಚಾಮುಂಡಿ ಮಗಳ ಕೈ ಬಿಟ್ಟು, ಕಣ್ಣು ಮುಚ್ಚಿ, ಎರಡೂ ಕೈ ಮುಗಿದು, ತುಟಿಯಲ್ಲೇ ಏನೋ ಅಂದಳು.

"ಕೇಳಿಸಲಿಲ್ಲ ಅಮ್ಮ" ಅಂದರು ಮೇಡಂ.

"ಮಾದೇವಪ್ರಸಾದು" ಅಂದಳು. ಸಣ್ಣ ದನಿ, ಆದರೆ ಅಕ್ಷರ ಅಕ್ಷರವೂ ಸ್ಪಷ್ಟ.

ಹೇಳಿದವಳೇ ಎದ್ದು ವರಾಂಡಕ್ಕೆ ಓಡಿದಳು. ನಾವು ಮೂವರೂ ಹಿಂದೆ ಹೋದೆವು. ಗಂಡ ಬೆಂಚಿನ ಮೇಲೆ ಕಾಲು ಇಳಿಬಿಟ್ಟು, ಮೂಗಯ್ಯನ ನಲ್ಲಿ ಪುರಾಣಕ್ಕೆ ಹೂಗುಟ್ಟುತ್ತಾ ಕೂತಿದ್ದ. ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಎದೆ ನೋಯ್ತಾ ಇಲ್ವಾ?" ಅಂತ ಕೇಳಿದಳು. "ಇಲ್ವಲ್ಲ, ಯಾಕಮ್ಮಿ?" ಅಂದ ಅವನು. ಅವಳು ನನ್ನ ಕಡೆ ತಿರುಗಿ, "ಬರ್ಕೊ ಸಾ" ಅಂದಳು.

ಬರೆದೆ. ಇಷ್ಟು ವರ್ಷದಲ್ಲಿ ಅಷ್ಟು ದುಂಡಗೆ ಯಾವ ಹೆಸರನ್ನೂ ಬರೆದಿರಲಿಲ್ಲ. ಹೇಳಿಕೆಯನ್ನು ಓದಿ ಹೇಳಿದೆ, ಅವಳು ಹೆಬ್ಬೆಟ್ಟು ಒತ್ತಿದಳು, ಗಂಡನ ಸಹಿಯೂ ಆಯಿತು. ಮೇಡಂ ತಾವೇ ಕಂಪ್ಯೂಟರ್ ಮುಂದೆ ಕೂತು ತಿದ್ದಿದರು. ಹನ್ನೆರಡು ಹತ್ತಕ್ಕೆ ಹೊಸ ಪತ್ರ ಪ್ರಿಂಟಾಗಿ ಬಂತು. ಶಾಯಿ ಆರುವ ಮೊದಲೇ ಭಾಗ್ಯ ಅದನ್ನು ಫೈಲಿಗೆ ಸೇರಿಸಿ, ನಮಸ್ಕಾರ ಅಂದಳೋ ಇಲ್ಲವೋ, ಬಸ್ ಸ್ಟ್ಯಾಂಡಿನ ಕಡೆ ಓಡಿದಳು. ಅದೇನು ಓಟ! ಇಲಾಖೆಯವರು ಸುಮ್ಮನೆ ಆರಿಸಿಲ್ಲ ಅಂದುಕೊಂಡೆ.

ಗಂಡ ಹೆಂಡತಿ ಮನೆಗೆ ಹೋಗಲಿಲ್ಲ. ಸುದ್ದಿ ಬರುವವರೆಗೂ ಇಲ್ಲೇ ಇರುತ್ತೇವೆ ಅಂದರು. ಮೂರೂವರೆಗೆ ಅವನು ರಸ್ತೆಯಾಚೆಯ ಟೀ ಅಂಗಡಿಗೆ ಹೋದ. ಅವಳು ಬೆಂಚಿನ ಮೇಲೆ, ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನಾನು ಮೂಗಯ್ಯನ ದೂರನ್ನು ನೀರಿನ ವಿಭಾಗಕ್ಕೆ ಸೇರಿಸಿದೆ, ಎರಡು ಜನನ ಒಂದು ಮರಣ ಬರೆದೆ, ನಡುನಡುವೆ ಕಿಟಕಿಯಲ್ಲಿ ಅವಳನ್ನು ನೋಡಿದೆ.

ಫೋನು ಬಂದದ್ದು ನಾಲ್ಕಕ್ಕೆ ಹತ್ತು ನಿಮಿಷ ಇದ್ದಾಗ. ಚಾಮುಂಡಿ ಎರಡು ಕೈಯಲ್ಲೂ ಅದನ್ನು ಕಿವಿಗೆ ಒತ್ತಿಕೊಂಡು ಕೇಳಿದಳು. "ಆಯ್ತಾ? ಎಲ್ಲಾ ಸರಿಯಾಯ್ತಾ? ಕೆಲ್ಸ ಕೊಟ್ಬುಟ್ರಾ?" ಅಂದಳು. ಮರುಗಳಿಗೆ ಚಪ್ಪಲಿಯನ್ನೂ ಮೆಟ್ಟದೆ ಆಫೀಸಿನ ಗೇಟಿನ ತನಕ ಓಡಿದಳು. ರಸ್ತೆಯಲ್ಲಿ ಕೇರಳದ ಲಾರಿಗಳು ಸಾಲಾಗಿ ನಿಂತು ಹಾರನ್ನು ಬಡಿಯುತ್ತಿದ್ದವು. ಯಾರೂ ಕೇಳಿರಲಿಲ್ಲ, ಯಾವ ಅರ್ಜಿಗೂ ಬೇಕಾಗಿರಲಿಲ್ಲ. ಆ ಹಾರನ್ನುಗಳನ್ನೆಲ್ಲ ಮೀರಿಸುವ ಹಾಗೆ ಅವಳು ಕೂಗಿದಳು.

"ಮಾದೇವಪ್ರಸಾದೂ! ಬನ್ರೀ ಇತ್ಲಾಗೆ! ಕೂಸು ಗೆದ್ಬುಟ್ಲು!"

ಟೀ ಅಂಗಡಿಯಲ್ಲಿ ಎಲ್ಲರೂ ತಿರುಗಿ ನೋಡಿದರು. ಅವನು ಲೋಟ ಹಿಡಿದುಕೊಂಡೇ ಎದ್ದು ನಿಂತ. ಲಾರಿಗಳ ಸಂದಿಯಲ್ಲಿ ಅವಳನ್ನು ಕಂಡು, ಎಲ್ಲರಿಗೂ ಕೇಳುವ ಹಾಗೆ, "ಓ" ಅಂದ.