ತೋಟದ ಮುಖ ಯಾವ ಕಡೆ

“ಒಂಬತ್ನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋನು ನಂಗೆ ದಿಕ್ಕು ಹೇಳ್ಕೊಡಾಕೆ ಬತ್ತೀಯೇನ್ಲೇ? ನಿಮ್ಮಪ್ಪಂಗೆ ಸ್ವಂತ ಮನೆ ಬಾಗ್ಲು ಯಾವ ಕಡೆ ಅಂತ್ಲೇ ಗೊತ್ತಿರ್ಲಿಲ್ಲ. ಕುಡ್ಕೊಂಡ್ ಬಂದು ಕೆಂಚಮ್ಮನ ಕುರಿ ರೊಪ್ಪದ ಬಾಗ್ಲು ಬಡಿಯೋನು!”

ಗೂಟ ಹೊಡೆಯುತ್ತಿದ್ದ ಆಳುಗಳು ನಕ್ಕರು. ಜೆಸಿಬಿಯ ಮೇಲೆ ಕೂತಿದ್ದ ತಿಮ್ಮೇಶ ಗುಟ್ಕಾ ಉಗಿದು, ಬಾಯಿ ಖಾಲಿ ಮಾಡಿಕೊಂಡು ನಕ್ಕ. ಜಯದೇವಪ್ಪ ತನ್ನ ಮಾತು ತನಗೇ ರುಚಿಸಿದವನಂತೆ ಹೆಗಲ ಟವೆಲ್ ಕೊಡವಿ ಮತ್ತೆ ದಾರ ಹಿಡಿದ. ಅವನ ತೀರಿಹೋದ ತಮ್ಮನ ಮಗ ಓಂಕಾರೇಶ್ ಗುದ್ದಲಿಯ ಕಾವನ್ನು ಬಿಗಿಹಿಡಿದು ನಿಂತೇ ಇದ್ದ.

ಯಗಟಿಯ ಆ ರಾಗಿ ಹೊಲದಲ್ಲಿ ಹೊಸ ಬೋರಿಗೆ ಒಳ್ಳೆಯ ನೀರು ಬಿದ್ದಿತ್ತು. ಇನ್ನು ಅದು ಅಡಿಕೆ ತೋಟ. ಬಾಗಿಲು ಮೂಡಲಿಗೆ, ಸಾಲು ತೆಂಕಲಿಂದ ಬಡಗಲಿಗೆ ಎಂದು ಜಯದೇವಪ್ಪ ತೀರ್ಮಾನಿಸಿಯಾಗಿತ್ತು. ಅವನ ಮಗ ರಾಜಶೇಖರ್ ಮೊಬೈಲಿನ ದಿಕ್ಸೂಚಿಯನ್ನು ಅಂಗೈಯಲ್ಲಿಟ್ಟುಕೊಂಡು, ತುಂಬಿದ ಲೋಟ ಹೊತ್ತವನ ಹಾಗೆ ಹೊಲದ ತುಂಬ ಓಡಾಡಿ ದಾರ ಎಳೆಸಿದ್ದ.

ಆ ದಾರದ ಒಂದು ಸಾಲು ಓಂಕಾರೇಶನ ಅವ್ವ ಕರಿಬಸಮ್ಮನ ತಲೆಯ ಮೇಲೆ ಹಾದುಹೋಗುತ್ತಿತ್ತು.

“ದೊಡ್ಡಪ್ಪಾ, ಸಾಲು ಸ್ವಲ್ಪ ವಾರೆ ತಗೊಳ್ರಿ. ಪಡುವಲಿಗೆ ಹೊರಳಿಸ್ರಿ ಸಾಕು. ಅವ್ವ ಇಲ್ಲೇ ಅವ್ಳೆ.”

“ನಿಮ್ಮವ್ವನ ಸಮಾಧಿ ಕಲ್ಲು ಅಲ್ಲೈತೆ ನೋಡೋ.” ಜಯದೇವಪ್ಪ ಬದುವಿನ ಕಡೆ ಕೈ ತೋರಿಸಿದ. “ಕಲ್ಲು ಮುಟ್ಟಲ್ಲ ಅಂತ ಹೇಳಿಲ್ವಾ ನಾನು?”

“ಆ ಕಲ್ಲು ಅಲ್ಲಿರ್ಲಿಲ್ಲ. ರಾಗಿ ಹಾಕೋವಾಗ ರೋಟವೇಟರ್‌ಗೆ ಅಡ್ಡ ಆಯ್ತದೆ ಅಂತ ಇವ್ನೇ ಬದುವಿಗೆ ಉಳ್ಳಿಸವ್ನೆ. ಕೇಳ್ರಿ ಇವ್ನನ್ನ.”

“ನಾನ್ಯಾಕೆ ಉಳ್ಳಿಸ್ಲಿ?” ಎಂದ ರಾಜಶೇಖರ್, ಮೊಬೈಲಿನಿಂದ ಕಣ್ಣೆತ್ತದೆ. “ಸುಳ್ಳು ಬೊಗಳ್ಬೇಡ.”

ಓಂಕಾರೇಶ್ ಬಗ್ಗಿ ಮೊದಲ ಗೂಟ ಕಿತ್ತ. ಎರಡನೆಯದನ್ನು ಕಾಲಲ್ಲಿ ಒದ್ದ. ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ರಾಜಶೇಖರ್ ಹಿಂದಿನಿಂದ ಬಂದು ಕುತ್ತಿಗೆ ಪಟ್ಟಿ ಹಿಡಿದು ಎಳೆದ. ಅಂಗಿಯ ಗುಂಡಿಗಳು ಹಾರಿದವು. ಓಂಕಾರೇಶ್ ತಿರುಗಿದವನೇ ಕೈಯಲ್ಲಿದ್ದ ಗೂಟವನ್ನು ಅಣ್ಣನ ದವಡೆಗೆ ಬಾರಿಸಿದ. ಹಸಿ ಸೌದೆ ಮುರಿದಂಥ ಸದ್ದಾಯಿತು. ಮೊಬೈಲ್ ಹಾರಿ ಮಣ್ಣಿಗೆ ಬಿತ್ತು. ರಾಜಶೇಖರ್ ಬಾಯಿ ಮುಚ್ಚಿಕೊಂಡು ಕುಕ್ಕರಿಸಿದ. ಬೆರಳ ಸಂದಿಯಿಂದ ರಕ್ತ ಇಳಿಯಿತು.

“ಹಿಡ್ಕಳ್ರೋ ಆ ಬೋಳಿಮಗನ್ನ!”

ಕಲ್ಲಪ್ಪ ಮತ್ತು ಇನ್ನೊಬ್ಬ ಆಳು ಮೇಲೆ ಬಿದ್ದರು. ಓಂಕಾರೇಶ್ ಕಚ್ಚಿದ, ಒದ್ದ, ಒಬ್ಬನ ಮೂಗಿಗೆ ತಲೆಯಿಂದ ಗುದ್ದಿದ. ಕೊನೆಗೆ ಕಲ್ಲಪ್ಪನ ಮೊಣಕಾಲು ಅವನ ಬೆನ್ನ ಮೇಲೆ ಊರಿತು. ಬಾಯಿಗೆ ಮಣ್ಣು ತುಂಬಿತು. ಜಯದೇವಪ್ಪ ಚಪ್ಪಲಿ ಕಳಚಿ, ತನ್ನ ಮಗ ಅತ್ತಷ್ಟೂ ಹೊತ್ತು ಓಂಕಾರೇಶನನ್ನು ಬಡಿದ. ಹುಬ್ಬು ಸೀಳಿ ಒಂದು ಕಣ್ಣು ಮುಚ್ಚಿಕೊಂಡಿತು.

“ಸುಮ್ಕಿರೋ ಮಾರಾಯ,” ಕಲ್ಲಪ್ಪ ಅವನ ಕಿವಿಯ ಹತ್ತಿರ ಮೆಲ್ಲಗೆ ಅಂದ. “ಸಾಯ್ಸಿಬಿಡ್ತಾನೆ ಕಣೋ.”

“ತಿಮ್ಮೇಶಾ, ಹೊಡಿ ಗುಂಡೀನ!”

ಜೆಸಿಬಿ ಕೆಮ್ಮಿ ಮುಂದಕ್ಕೆ ಬಂತು. ಓಂಕಾರೇಶನ ಕೆನ್ನೆಯ ಕೆಳಗೆ ನೆಲ ನಡುಗಿತು. ತೆರೆದಿದ್ದ ಒಂದೇ ಕಣ್ಣಿಗೆ ಬಕೆಟ್ಟಿನ ಹಲ್ಲುಗಳು ಇಳಿಯುವುದು ಕಂಡಿತು. ಕೆಂಪು ಮಣ್ಣು. ಇನ್ನಷ್ಟು ಕೆಂಪು ಮಣ್ಣು. ಅವನು ಮಣ್ಣನ್ನೇ ಕಚ್ಚಿ ಹಿಡಿದಿದ್ದ.

ಅವ್ವನನ್ನು ಮಣ್ಣು ಮಾಡಿದ ದಿನ ಈ ಗುಂಡಿಗೆ ಇಳಿದವರು ಇಬ್ಬರೇ. ಮಠದ ಅಯ್ಯನವರು ಮತ್ತು ಅವನು. ಮೇಲಿಂದ ಇಳಿಸಿದ ಅವ್ವನನ್ನು ಎದೆಗಾನಿಸಿಕೊಂಡು, ಗೋಡೆಯಲ್ಲಿ ಕೊರೆದ ಗೂಡಿನೊಳಗೆ ಕೂರಿಸಿದವನು ಅವನೇ. ತಲೆ ವಾಲುತ್ತಿತ್ತು. ಗಲ್ಲ ಎತ್ತಿ ಹಿಡಿದು, ಮುಖವನ್ನು ಒಂದು ಕಡೆಗೆ ತಿರುಗಿಸಿ ನಿಲ್ಲಿಸಿದ್ದ. ಆಮೇಲೆ ಚೀಲಗಟ್ಟಲೆ ಉಪ್ಪು, ವಿಭೂತಿ, ಬಿಲ್ವಪತ್ರೆ. ಅಯ್ಯನವರೂ ಈಗ ಇಲ್ಲ.

ಬಕೆಟ್ಟು ಮೇಲೆ ಬಂದಾಗ ಮಣ್ಣು ಬಿಳಿಯಾಗಿತ್ತು.

ತಿಮ್ಮೇಶ ಕೈ ತಡೆದ. ಹಲ್ಲುಗಳಿಂದ ಉಪ್ಪಿನ ಹೆಂಟೆಗಳು ಪಟಪಟನೆ ಉದುರಿದವು. ಒಂದು ಹಲ್ಲಿಗೆ ಹಸಿರು ಸೀರೆಯ ಅಂಚು ಸಿಕ್ಕಿಕೊಂಡು ಗಾಳಿಗೆ ಆಡುತ್ತಿತ್ತು.

ಕಲ್ಲಪ್ಪನ ಮೊಣಕಾಲು ತಾನಾಗಿಯೇ ಸಡಿಲವಾಯಿತು. ತಿಮ್ಮೇಶ ಕೆಳಗಿಳಿದು ಚಪ್ಪಲಿ ಬಿಟ್ಟು ನಿಂತ. ಜಯದೇವಪ್ಪ ಬದುವಿನ ಕಲ್ಲನ್ನು ನೋಡಿದ, ಆಮೇಲೆ ಮಗನನ್ನು ನೋಡಿದ. ರಾಜಶೇಖರ್ ರಕ್ತದ ಬಾಯಲ್ಲಿ, “ಒಂದೀಟು ಸರಿಸಿದ್ದೆ ಅಷ್ಟೇ ಅಪ್ಪಾಜಿ,” ಎಂದ. ಇನ್ನೂ ಕೈಯಲ್ಲೇ ಇದ್ದ ಚಪ್ಪಲಿಯಿಂದ ಜಯದೇವಪ್ಪ ಅವನ ಕೆನ್ನೆಗೆ ಬೀಸಿದ. ಒಡೆದಿದ್ದ ದವಡೆಯ ಕೆನ್ನೆಗೇ. ರಾಜಶೇಖರ್ ಕರುವಿನಂತೆ ಅರಚಿದ.

ಓಂಕಾರೇಶ್ ಎದ್ದ. ಗುಂಡಿಯ ಅಂಚಿಗೆ ಹೋಗಿ, ಬಕೆಟ್ಟಿನ ಹಲ್ಲಿನಿಂದ ಸೀರೆಯ ಅಂಚನ್ನು ಹರಿಯದ ಹಾಗೆ ಬಿಡಿಸಿದ. ಅದನ್ನು ಮಡಚಿ ಗುಂಡಿಯೊಳಗೆ ಇಟ್ಟ. ಹರಿದ ಅಂಗಿಯನ್ನು ಕಳಚಿ, ಬಿಳಿಯಾದ ಮಣ್ಣಿನ ಮೇಲೆ ಹರಡಿದ. ಎರಡೂ ಕೈಯಿಂದ ಮಣ್ಣು ಎಳೆದು ಮುಚ್ಚತೊಡಗಿದ. ಕಲ್ಲಪ್ಪ ಸನಿಕೆ ತಂದ. ಓಂಕಾರೇಶ್ ನೋಡಿದ ನೋಟಕ್ಕೆ ಸನಿಕೆಯನ್ನು ಅಲ್ಲೇ ಇಟ್ಟು ಹಿಂದೆ ಸರಿದ.

ಗುಂಡಿ ಮುಚ್ಚುವ ಹೊತ್ತಿಗೆ ನೆರಳುಗಳು ಗಿಡ್ಡವಾಗಿದ್ದವು. ಜಯದೇವಪ್ಪ ಟವೆಲನ್ನು ಸೊಂಟಕ್ಕೆ ಸುತ್ತಿಕೊಂಡು ಹತ್ತಿರ ಬಂದ.

“ಓಂಕಾರಿ... ಆಗಿದ್ದು ಆಗೋಯ್ತು ಕಣಪ್ಪಾ. ಸಾಲು ನೀ ಹೇಳ್ದಂಗೇ ವಾರೆ ಹಾಕ್ಸಾನ. ಇಲ್ಲೊಂದು ಗದ್ದುಗೆ ಕಟ್ಸಾನ. ತೋಟದ ಬಾಗ್ಲೂ ಅವ್ಳು ನೋಡೋ ಕಡೀಕೇ ಇಡಾನ.” ಮುಚ್ಚಿದ ಮಣ್ಣಿನ ಕಡೆ ನೋಡಿದ. “ಅವ್ಳ ಮಖ ಯಾವ ಕಡೆಗೈತೋ? ಹೇಳಪ್ಪಾ. ಒಳಗೆ ಇಳ್ದೋರಲ್ಲಿ ಈಗ ಉಳ್ದೋನು ನೀನೊಬ್ನೇ ಅಲ್ವಾ?”

ಓಂಕಾರೇಶ್ ಹುಬ್ಬಿನ ರಕ್ತವನ್ನು ಮೊಣಕೈಯಿಂದ ಒರೆಸಿಕೊಂಡ. ಒಂದು ಕಣ್ಣಿನಿಂದ ದೊಡ್ಡಪ್ಪನನ್ನು ನೋಡಿದ. ಆಮೇಲೆ ಬೆನ್ನು ತಿರುಗಿಸಿ ಯಗಟಿ ರಸ್ತೆಯ ಕಡೆ ನಡೆದ.

“ಲೇ, ಹೇಳೋಗೋ! ಯಾವ ಕಡೇಂತ ಹೇಳೋಗೋ!”

ಅವನ ಕಾಲಿಗೆ ಗೂಟದ ದಾರ ಸಿಕ್ಕಿಕೊಂಡಿತ್ತು. ಅವನು ನಿಂತು ಬಿಡಿಸಿಕೊಳ್ಳಲಿಲ್ಲ. ನಡೆದಂತೆಲ್ಲ ಹಿಂದೆ ಒಂದೊಂದೇ ಗೂಟ ಕಿತ್ತುಬಂದು, ಉತ್ತ ಮಣ್ಣಿನ ಮೇಲೆ ಮಲಗುತ್ತಾ ಹೋಯಿತು.